ಭಟ್ಟಿಯ ಗೋಡೆ

ಬ್ರೆಡ್ಡನ್ನು ಬೇಯಿಸುವುದು ಯಾವುದು ಎಂದು ಕೇಳಿದರೆ, ಬೆಂಕಿ ಎಂದು ಯಾರಾದರೂ ಥಟ್ಟನೆ ಉತ್ತರ ಕೊಟ್ಟಾರು. ಆದರೆ ಸೌದೆ ಉರಿಸುವ ಹಳೆಯ ಮಾದರಿಯ ಬೇಕರಿಯೊಂದರ ಹಿಂಭಾಗಕ್ಕೆ ಹೋಗಿ ಅಲ್ಲಿಯ ಕೆಲಸದ ಕ್ರಮವನ್ನು ನೋಡಿದವರಿಗೆ ಈ ಉತ್ತರ ಅಷ್ಟು ಸಮಾಧಾನ ತರಲಾರದು. ಭಟ್ಟಿಯೊಳಗೆ ಮೊದಲು ಎರಡು ಮೂರು ಗಂಟೆಗಳ ಕಾಲ ಸೌದೆ ಉರಿಯುತ್ತದೆ. ಆಗ ಅದರಲ್ಲಿ ಒಂದು ಬನ್ನೂ ಇರುವುದಿಲ್ಲ. ಉರಿ ಇಳಿದ ಬಳಿಕ ಕೆಂಡವನ್ನು ಹೊರಕ್ಕೆಳೆಯುತ್ತಾರೆ. ಒದ್ದೆ ಗೋಣಿ ಕಟ್ಟಿದ ಕೋಲಿನಿಂದ ನೆಲದ ಬೂದಿಯನ್ನು ಒರೆಸುತ್ತಾರೆ. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಬಿಡುತ್ತಾರೆ. ಅನಂತರವೇ ಉದ್ದ ಹಿಡಿಯ ಮರದ ಹಲಗೆಯ ಮೇಲೆ ಹಿಟ್ಟಿನ ಮುದ್ದೆಗಳು ಒಳಕ್ಕೆ ಹೋಗುವುದು. ಆ ಹೊತ್ತಿಗೆ ಬೆಂಕಿ ಆರಿ ಹೋಗಿರುತ್ತದೆ. ಕತ್ತಲು ಕವಿದ ಆ ಇಟ್ಟಿಗೆಯ ಗೂಡಿನಲ್ಲಿ ಬ್ರೆಡ್ಡು ಅರ್ಧ ಗಂಟೆಯೊಳಗೆ ಉಬ್ಬಿ, ಕೆಂಪೇರಿ, ಹದವಾಗಿ ಬೆಂದಿರುತ್ತದೆ.

ಈ ಕ್ರಮ ಬಹಳ ಹಳೆಯದು. ಇಟಲಿಯ ಪೊಂಪೇಯಿ ನಗರ ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಯಿತಷ್ಟೆ. ಅಲ್ಲಿಯ ಬೇಕರಿಯೊಂದನ್ನು 1862ರಲ್ಲಿ ಅಗೆದು ತೆಗೆದಾಗ, ಭಟ್ಟಿಯೊಳಗೆ ಕರಿಕಾದ 81 ಬ್ರೆಡ್ಡುಗಳು ಇಟ್ಟ ಹಾಗೆಯೇ ಸಿಕ್ಕಿದವು. ಇಟ್ಟಿಗೆಯ ನೆಲ, ಅದರ ಮೇಲೆ ತಗ್ಗಾದ ಗುಮ್ಮಟ, ಮುಂದೆ ಒಂದೇ ಒಂದು ಚಿಕ್ಕ ಬಾಯಿ: ಪೊಂಪೇಯಿಯ ಭಟ್ಟಿಗೂ ಇಂದಿನ ಸೌದೆ ಭಟ್ಟಿಗೂ ರಚನೆಯಲ್ಲಿ ಹೇಳಿಕೊಳ್ಳುವಂಥ ಭೇದವೇನೂ ಇಲ್ಲ. ಎರಡು ಸಾವಿರ ವರ್ಷಗಳ ಕಾಲ ಒಂದು ವಸ್ತು ತನ್ನ ಆಕಾರವನ್ನು ಬದಲಿಸದೆ ಉಳಿದಿದೆಯೆಂದರೆ, ಆ ಆಕಾರದಲ್ಲಿ ಏನೋ ಮರ್ಮವಿರಲೇಬೇಕು.

ಆ ಮರ್ಮವನ್ನು ಅರಿಯುವುದು ಈಗ ಬರಿಯ ಕುತೂಹಲದ ವಿಷಯವಾಗಿ ಉಳಿದಿಲ್ಲ. 2025ರ ಜನವರಿಯಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು, ನಗರದಲ್ಲಿ ಸೌದೆ ಇದ್ದಿಲುಗಳನ್ನು ಉರಿಸುವ ಬೇಕರಿಗಳು ಆರು ತಿಂಗಳೊಳಗಾಗಿ ಅನಿಲವೇ ಮೊದಲಾದ ಶುದ್ಧತರ ಇಂಧನಗಳಿಗೆ ಬದಲಾಗಬೇಕೆಂದು ಆದೇಶವಿತ್ತಿತು. ಗಾಳಿಯ ಮಾಲಿನ್ಯವೇ ಇದಕ್ಕೆ ಕಾರಣ. ಆಗ ಸಹಜವಾಗಿಯೇ ಎದ್ದ ಪ್ರಶ್ನೆಯೆಂದರೆ, ಸೌದೆ ಹೋದ ಮೇಲೆ ಪಾವ್ ಎಂಬ ಆ ಮೆತ್ತನೆಯ ಬ್ರೆಡ್ಡು ಮೊದಲಿನಂತೆಯೇ ಇದ್ದೀತೆ? ಇದು ರುಚಿಯ ಪ್ರಶ್ನೆ, ಅನೇಕ ಕುಟುಂಬಗಳಿಗೆ ಜೀವನೋಪಾಯದ ಪ್ರಶ್ನೆ. ಜೊತೆಗೆ ಇದು ಭೌತವಿಜ್ಞಾನದ ಪ್ರಶ್ನೆಯೂ ಹೌದು. ಮೊದಲೆರಡರ ವಿಷಯವಾಗಿ ಬೇರೆಯವರು ಹೇಳಲಿ. ಮೂರನೆಯದನ್ನು ಇಲ್ಲಿ ವಿಚಾರ ಮಾಡೋಣ.

ಶಾಖ ಎಲ್ಲಿದೆ?

ಬೆಂಕಿ ಆರಿದ ಭಟ್ಟಿಯಲ್ಲಿ ಶಾಖ ಎಲ್ಲಿ ಅಡಗಿರುತ್ತದೆ? ಒಳಗಿರುವ ಬಿಸಿಗಾಳಿಯಲ್ಲಿ ಎಂದು ಕೆಲವರು ಹೇಳಬಹುದು. ಲೆಕ್ಕ ಹಾಕಿ ನೋಡೋಣ. ಭಟ್ಟಿಯ ಒಳಗಿನ ಗಾತ್ರ 2 ಘನಮೀಟರ್, ಉಷ್ಣತೆ 250 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಅಷ್ಟು ಕಾದ ಗಾಳಿ ಬಹಳ ತೆಳುವಾಗಿರುತ್ತದೆ. 2 ಘನಮೀಟರಿನ ತೂಕ 1.4 ಕಿಲೋಗ್ರಾಮನ್ನೂ ಮುಟ್ಟದು. ಅದು 250ರಿಂದ 100 ಡಿಗ್ರಿಗೆ ಇಳಿಯುವಾಗ ಬಿಟ್ಟುಕೊಡುವ ಶಾಖ ಸುಮಾರು 200 ಕಿಲೋಜೂಲ್ ಮಾತ್ರ.

ಇನ್ನು ಹಿಟ್ಟಿಗೆ ಬೇಕಾದುದೆಷ್ಟು? ಒಂದು ಕಿಲೋ ಕಣಕವನ್ನು 30 ಡಿಗ್ರಿಯಿಂದ 97 ಡಿಗ್ರಿಯವರೆಗೆ ಕಾಯಿಸಲು ಸುಮಾರು 190 ಕಿಲೋಜೂಲ್ ಬೇಕು. ಬೇಯುವಾಗ ಅದರ ತೂಕದ ಎಂಟನೆಯ ಒಂದು ಭಾಗದಷ್ಟು ನೀರು ಆವಿಯಾಗಿ ಹೋಗುತ್ತದೆ. ಆ ನೀರಿನ ಗುಪ್ತೋಷ್ಣಕ್ಕೆ ಮತ್ತೆ 270 ಕಿಲೋಜೂಲಿನಷ್ಟು ಬೇಕು. ಒಟ್ಟು 450 ಕಿಲೋಜೂಲ್ ಎಂದು ಹೇಳೋಣ. ಭಟ್ಟಿಯ ಗಾಳಿಯೆಲ್ಲ ಸೇರಿದರೂ ಅರ್ಧ ಕಿಲೋ ಹಿಟ್ಟನ್ನು ಸಹ ಬೇಯಿಸಲಾರದು ಎಂದಾಯಿತು!

ಈಗ ಇಟ್ಟಿಗೆಯ ಕಡೆ ತಿರುಗಿ. ಶಾಖ ಹೊಕ್ಕ ಇಟ್ಟಿಗೆಯ ತೂಕ 2 ಟನ್ನು ಎಂದು ಭಾವಿಸಿದರೆ, ಅದು 280 ಡಿಗ್ರಿಯಿಂದ 220 ಡಿಗ್ರಿಗೆ ಇಳಿಯುವಷ್ಟರಲ್ಲಿ ಸುಮಾರು 1,00,000 ಕಿಲೋಜೂಲ್ ಶಾಖವನ್ನು ಹೊರಗೆಡಹುತ್ತದೆ. ಅದರಲ್ಲಿ ಅರ್ಧ ಅಲ್ಲಿ ಇಲ್ಲಿ ಸೋರಿ ಹೋದರೂ ಉಳಿದ ಅರ್ಧದಿಂದ ನೂರು ಕಿಲೋಗೂ ಮಿಕ್ಕಿ ಹಿಟ್ಟು ಬೇಯುತ್ತದೆ. ಭಟ್ಟಿಯ ಗೋಡೆ ಶಾಖದ ಕಣಜ. ಸೌದೆಯ ಉರಿ ಆ ಕಣಜವನ್ನು ತುಂಬುತ್ತದೆ. ಬ್ರೆಡ್ಡು ಅದರಿಂದ ಎತ್ತಿಕೊಳ್ಳುತ್ತದೆ. ಎರಡು ಕೆಲಸಗಳೂ ಬೇರೆ ಬೇರೆ ಹೊತ್ತಿನಲ್ಲಿ ನಡೆಯುತ್ತವೆ.

ಗೋಡೆಯಿಂದ ಹಿಟ್ಟಿಗೆ

ಶಾಖವು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವ ದಾರಿಗಳು ಮೂರೆಂದು ಶಾಲೆಯ ಪುಸ್ತಕಗಳಲ್ಲಿ ಓದಿದ್ದೀರಿ: ವಹನ, ಸಂವಹನ, ವಿಕಿರಣ. ಭಟ್ಟಿಯಲ್ಲಿ ಮೂರೂ ನಡೆಯುತ್ತವೆ, ಆದರೆ ಸಮಪಾಲಿನಲ್ಲಲ್ಲ.

ಗುಮ್ಮಟದಿಂದ ಕೆಳಕ್ಕೆ ಬರುವುದು ಮುಖ್ಯವಾಗಿ ವಿಕಿರಣ. ಕಾದ ಇಟ್ಟಿಗೆ ನಮ್ಮ ಕಣ್ಣಿಗೆ ಕಪ್ಪಾಗಿಯೇ ಕಾಣುತ್ತದೆ. ಆದರೂ ಅದು ಹೊಳೆಯುತ್ತಿರುತ್ತದೆ, ನಮಗೆ ಕಾಣದ ಬೆಳಕಿನಲ್ಲಿ. 250 ಡಿಗ್ರಿಯ ಗೋಡೆ ಹೊರಸೂಸುವ ಕಿರಣಗಳು ಅತಿ ಪ್ರಬಲವಾಗಿರುವುದು 5.5 ಮೈಕ್ರೋಮೀಟರಿನ ಸುಮಾರಿನ ಅಲೆಯುದ್ದದಲ್ಲಿ, ಎಂದರೆ ಅವಕೆಂಪಿನಲ್ಲಿ. ನೀರು ಈ ಪ್ರದೇಶದ ಕಿರಣಗಳನ್ನು ಬಹು ಚೆನ್ನಾಗಿ ಹೀರಿಕೊಳ್ಳುತ್ತದೆಯಾಗಿ, ಒದ್ದೆ ಹಿಟ್ಟಿನ ಮೇಲ್ಮೈ ಅವನ್ನು ಬಿಡದೆ ಹಿಡಿಯುತ್ತದೆ. ಸ್ಟೆಫಾನನ ನಿಯಮದ ಪ್ರಕಾರ ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತದಂತೆ ಏರುತ್ತದೆ. 250 ಡಿಗ್ರಿ ಎಂದರೆ 523 ಕೆಲ್ವಿನ್. ಲೆಕ್ಕ ಮಾಡಿದರೆ, ಗೋಡೆಯ ಒಂದು ಚದರಮೀಟರ್ ಸುಮಾರು 4,200 ವಾಟ್ ಶಾಖವನ್ನು ಸೂಸುತ್ತದೆ. 100 ಡಿಗ್ರಿಯಲ್ಲಿರುವ ಹಿಟ್ಟಿನ ಮೇಲ್ಮೈ ತಿರುಗಿ ಕೊಡುವುದು 1,100 ವಾಟ್. ಹಿಟ್ಟಿಗೆ ನಿಂತ ಲಾಭ 3,100 ವಾಟ್. ತಾನಾಗಿ ಸುಳಿದಾಡುವ ಬಿಸಿಗಾಳಿ ಸಂವಹನದಿಂದ ಕೊಡುವುದು ಇದರ ಮೂರನೆಯ ಒಂದರಷ್ಟಿರಬಹುದು. ಗೋಡೆಯನ್ನು 300 ಡಿಗ್ರಿಗೆ ಏರಿಸಿದಿರೋ, ಸೂಸುವ ಶಾಖ ಒಮ್ಮೆಲೇ ಒಂದೂಕಾಲಿಗಿಂತ ಹೆಚ್ಚು, ಸುಮಾರು 1.44 ಪಟ್ಟಾಗುತ್ತದೆ. ಅನುಭವಿಯಾದ ಬೇಕರಿಯವನು ಐವತ್ತು ಡಿಗ್ರಿಯ ವ್ಯತ್ಯಾಸಕ್ಕೆ ಅಷ್ಟು ಹೆದರುವುದು ಸುಮ್ಮನೆ ಅಲ್ಲ.

ಕೆಳಗಡೆಯಾದರೋ ವಹನದ್ದೇ ಕಾರುಬಾರು. ಇಲ್ಲಿ ಒಂದು ಸೊಗಸಾದ ಸಂಗತಿಯಿದೆ. 250 ಡಿಗ್ರಿಗೆ ಕಾದ ಇಟ್ಟಿಗೆಯ ನೆಲದ ಮೇಲೆ ಹಿಟ್ಟನ್ನಿಟ್ಟರೆ ಅದು ಸೀಯುವುದಿಲ್ಲ. ಅದೇ ಉಷ್ಣತೆಯ ಎರಕದ ಕಬ್ಬಿಣದ ಹಲಗೆಯ ಮೇಲಿಟ್ಟರೆ ತಳ ಕರಕಾಗುತ್ತದೆ. ಉಷ್ಣತೆ ಒಂದೇ, ಫಲ ಬೇರೆ! ಎರಡು ವಸ್ತುಗಳು ತಾಗಿದ ಕ್ಷಣದಲ್ಲಿ ಅವುಗಳ ನಡುವಣ ಗಡಿಯಲ್ಲಿ ಏರ್ಪಡುವ ಉಷ್ಣತೆಯು ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ ಈ ಮೂರರ ಗುಣಲಬ್ಧದ ವರ್ಗಮೂಲವನ್ನು ಅವಲಂಬಿಸಿರುತ್ತದೆ. ಇಟ್ಟಿಗೆಗೂ ಹಿಟ್ಟಿಗೂ ಈ ಸಂಖ್ಯೆ ಹೆಚ್ಚು ಕಡಿಮೆ ಒಂದೇ. ಆದುದರಿಂದ ಗಡಿಯ ಉಷ್ಣತೆ ಇವೆರಡರ ನಡುವೆ, 130 ಡಿಗ್ರಿಯ ಸುಮಾರಿಗೆ ನಿಲ್ಲುತ್ತದೆ. ಕಬ್ಬಿಣಕ್ಕೆ ಅದು ಹತ್ತು ಪಟ್ಟಿಗೂ ಹೆಚ್ಚು; ಅಲ್ಲಿ ಗಡಿ 230 ಡಿಗ್ರಿಗೆ ನೆಗೆಯುತ್ತದೆ. ಇಟ್ಟಿಗೆ ತನ್ನಲ್ಲಿರುವುದನ್ನು ನಿಧಾನವಾಗಿ, ಲೆಕ್ಕವಿಟ್ಟು ಕೊಡುತ್ತದೆ. ಕಬ್ಬಿಣಕ್ಕೆ ಆ ತಾಳ್ಮೆ ಇಲ್ಲ.

ಇನ್ನು ಹಿಟ್ಟಿನೊಳಗೆ ನಡೆಯುವ ವ್ಯಾಪಾರ. ಬ್ರೆಡ್ಡಿನ ತಿರುಳಿನಲ್ಲಿ ನೀರಿರುವವರೆಗೂ ಅದರ ಉಷ್ಣತೆ 100 ಡಿಗ್ರಿಯನ್ನು ದಾಟುವುದಿಲ್ಲ, ಗೋಡೆ ಎಷ್ಟೇ ಕಾದಿರಲಿ. ಹೊರಪದರ ಮಾತ್ರ ಒಣಗಿ 140 ಡಿಗ್ರಿಯನ್ನು ಮೀರುತ್ತದೆ. ಆಗ ಹಿಟ್ಟಿನ ಸಕ್ಕರೆಗಳೂ ಪ್ರೋಟೀನಿನ ಅಂಶಗಳೂ ಕೂಡಿ ಆ ಕೆಂಗಂದು ಬಣ್ಣವನ್ನೂ ಬಾಯಲ್ಲಿ ನೀರೂರಿಸುವ ಪರಿಮಳವನ್ನೂ ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮಿಲ್ ಮಯಾರ್ 1912ರಲ್ಲಿ ಇದನ್ನು ವಿವರಿಸಿದುದರಿಂದ ಈ ಕ್ರಿಯೆಗೆ ಅವನದೇ ಹೆಸರು ಬಂದಿದೆ. ಬಾಗಿಲು ಮುಚ್ಚಿದ ಭಟ್ಟಿಯಲ್ಲಿ ಬ್ರೆಡ್ಡುಗಳಿಂದಲೇ ಎದ್ದ ಹಬೆ ಒಳಗೆ ನಿಲ್ಲುವುದು ಇನ್ನೊಂದು ಅನುಕೂಲ. ತಣ್ಣಗಿನ ಹಿಟ್ಟಿನ ಮೇಲೆ ಆ ಹಬೆ ನೀರಾಗಿ ಕೂಡುವಾಗ ತನ್ನ ಗುಪ್ತೋಷ್ಣವನ್ನು ಕೊಡುತ್ತದೆ. ಮೇಲ್ಮೈಯನ್ನು ಮೆತ್ತಗಿರಿಸಿ, ಒಳಗಿನ ಅನಿಲ ಹಿಗ್ಗಿ ಬ್ರೆಡ್ಡು ಉಬ್ಬಲು ಅವಕಾಶ ಮಾಡುತ್ತದೆ. ಮೊದಲೇ ಬಿರುಸಾದ ಪದರ ಕಟ್ಟಿದ್ದರೆ ಬ್ರೆಡ್ಡು ಒಂದೋ ಕುಗ್ಗುತ್ತಿತ್ತು, ಇಲ್ಲವೆ ಬಿರಿಯುತ್ತಿತ್ತು.

ಭಟ್ಟಿ ಕಟ್ಟುವುದು

ಇಷ್ಟನ್ನು ಅರಿತ ಮೇಲೆ ಭಟ್ಟಿಯನ್ನು ಕಟ್ಟುವ ಬಗೆ ಸುಲಭವಾಗಿ ತಿಳಿಯುತ್ತದೆ. ಮೊದಲು ಸೊಂಟದ ಎತ್ತರದ ಕಲ್ಲು ಅಥವಾ ಇಟ್ಟಿಗೆಯ ಕಟ್ಟೆ. ಅದರ ಮೇಲೆ ಒತ್ತಿ ಮಟ್ಟ ಮಾಡಿದ ಮರಳಿನ ಹಾಸು; ಅದರ ಮೇಲೆ ನೆಲದ ಇಟ್ಟಿಗೆಗಳು. ಇವನ್ನು ಗಾರೆಯಿಲ್ಲದೆ ಒಂದಕ್ಕೊಂದು ಒತ್ತಿ ಕೂರಿಸುವುದು ವಾಡಿಕೆ. ಮರದ ಹಲಗೆ ಸರಾಗವಾಗಿ ಜಾರಬೇಕಾದುದರಿಂದ ಒಂದು ಇಟ್ಟಿಗೆಯೂ ತಲೆಯೆತ್ತಿ ನಿಲ್ಲಕೂಡದು. ಸವೆದುದನ್ನು ಮುಂದೆ ಕಿತ್ತು ಬದಲಿಸುವುದಕ್ಕೂ ಗಾರೆ ಇಲ್ಲದಿರುವುದೇ ಒಳ್ಳೆಯದು.

ಗುಮ್ಮಟವನ್ನು ಕಟ್ಟಲು ಒದ್ದೆ ಮರಳನ್ನು ಗುಡ್ಡೆ ಹಾಕಿ ಬೇಕಾದ ಆಕಾರಕ್ಕೆ ತಟ್ಟುತ್ತಾರೆ, ಇಲ್ಲವೆ ಮರದ ಅಚ್ಚನ್ನಿಡುತ್ತಾರೆ. ಅದರ ಮೇಲೆ ಇಟ್ಟಿಗೆಗಳನ್ನು ಸುತ್ತು ಸುತ್ತಾಗಿ ಏರಿಸಿ ನೆತ್ತಿಯಲ್ಲಿ ಕೊನೆಯ ಇಟ್ಟಿಗೆಯನ್ನು ಬಿಗಿದ ಮೇಲೆ ಮರಳನ್ನು ಬಾಯಿಯಿಂದ ತೋಡಿ ತೆಗೆಯುತ್ತಾರೆ. ಆಗ ಪ್ರತಿ ಇಟ್ಟಿಗೆಯೂ ಪಕ್ಕದ್ದನ್ನು ಒತ್ತಿ ಹಿಡಿದು ನಿಲ್ಲುತ್ತದೆ. ಕಮಾನಿನ ಈ ಒತ್ತಡ ಬುಡದಲ್ಲಿ ಹೊರಮುಖವಾಗಿರುತ್ತದಾಗಿ, ದೊಡ್ಡ ಭಟ್ಟಿಗಳ ಗೋಡೆಗಳನ್ನು ಕಬ್ಬಿಣದ ಸಲಾಕೆಗಳಿಂದ ಬಿಗಿಯುವುದುಂಟು. ಆದರೆ ಕಬ್ಬಿಣ ಇಟ್ಟಿಗೆಗಿಂತ ಎರಡು ಪಟ್ಟು ಹಿಗ್ಗುತ್ತದೆ. ಆದುದರಿಂದ ಸಲಾಕೆಗಳು ಹೊರಗಡೆ, ತಣ್ಣಗಿರುವ ಕಡೆಯಲ್ಲಿಯೇ ಇರಬೇಕು. ಒಳಗೆ ಹುದುಗಿಸಿದ ಕಬ್ಬಿಣ ಕಾದು ಹಿಗ್ಗಿ ಗೋಡೆಯನ್ನೇ ಸೀಳೀತು. ಇಟ್ಟಿಗೆಯಾದರೂ ಹಿಗ್ಗದೆ ಇಲ್ಲ: 2 ಮೀಟರ್ ಉದ್ದದ ಗೋಡೆ 300 ಡಿಗ್ರಿ ಏರಿದರೆ ಮೂರು ಮಿಲಿಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ಅದಕ್ಕೆ ಜಾಗ ಬಿಟ್ಟಿರಬೇಕು.

ಇಟ್ಟಿಗೆಗಳ ನಡುವೆ ಸಿಮೆಂಟಿನ ಗಾರೆ ಸಲ್ಲದು. ಸಿಮೆಂಟು ಗಟ್ಟಿಯಾಗಿರುವುದು ತನ್ನಲ್ಲಿ ಸೇರಿಕೊಂಡ ನೀರಿನ ಬಲದಿಂದ; ಕೆಲವು ನೂರು ಡಿಗ್ರಿಗಳಲ್ಲಿ ಆ ನೀರು ಬಿಟ್ಟುಹೋಗಿ ಗಾರೆ ಪುಡಿಯಾಗುತ್ತದೆ. ಜೇಡಿಮಣ್ಣು ಮರಳುಗಳ ಗಾರೆ ಹಾಗಲ್ಲ. ಕಾದಷ್ಟೂ ಅದು ಇಟ್ಟಿಗೆಯ ಗುಣವನ್ನೇ ಪಡೆಯುತ್ತದೆ. ಉರಿ ನೇರವಾಗಿ ತಾಗುವ ಎಡೆಗಳಲ್ಲಿ, ಅಲ್ಯುಮಿನಾ ಹೆಚ್ಚಾಗಿರುವ ಜೇಡಿಯಿಂದ ಸುಟ್ಟ ಅಗ್ನಿಸಹ ಇಟ್ಟಿಗೆಗಳನ್ನು ಬಳಸುತ್ತಾರೆ.

ಬಾಯಿಯ ಎತ್ತರಕ್ಕೆ ಹಿಂದಿನಿಂದ ಬಂದ ಒಂದು ಪ್ರಮಾಣವಿದೆ: ಒಳಗಿನ ಗುಮ್ಮಟದ ಎತ್ತರದ ನೂರಕ್ಕೆ 63ರಷ್ಟು. ಬೇರೆ ಹೊಗೆಗೂಡಿಲ್ಲದ ಭಟ್ಟಿಯಲ್ಲಿ ಹೊಸ ಗಾಳಿ ಬಾಯಿಯ ಕೆಳಭಾಗದಿಂದ ಒಳಕ್ಕೆ ಹರಿದು ಬಂದು, ಉರಿಗೆ ಸಿಕ್ಕಿ, ಗುಮ್ಮಟವನ್ನು ಸವರಿಕೊಂಡು ಅದೇ ಬಾಯಿಯ ಮೇಲ್ಭಾಗದಿಂದ ಹೊಗೆಯಾಗಿ ಹೊರಬೀಳುತ್ತದೆ. ಬಾಯಿ ತೀರ ಎತ್ತರವಾದರೆ ಬಿಸಿ ಅನಿಲವೆಲ್ಲ ಗುಮ್ಮಟದಲ್ಲಿ ತಂಗದೆ ಓಡಿಹೋಗುತ್ತದೆ. ತೀರ ತಗ್ಗಾದರೆ ಉರಿಗೆ ಉಸಿರು ಕಟ್ಟುತ್ತದೆ.

ಹೊಸ ಭಟ್ಟಿಗೆ ಕೂಡಲೆ ದೊಡ್ಡ ಉರಿ ಹಾಕುವುದು ಅವಿವೇಕ. ಗಾರೆಯಲ್ಲಿ ಉಳಿದ ನೀರು ಆವಿಯಾದರೆ ಅದರ ಗಾತ್ರ ಸುಮಾರು 1,700 ಪಟ್ಟಾಗುತ್ತದೆ. ಹೊರಬರಲು ದಾರಿ ಸಿಗದಿದ್ದರೆ ಇಟ್ಟಿಗೆಯನ್ನು ಒಡೆದೇ ಹೊರಬರುತ್ತದೆ. ಆದುದರಿಂದ ಹಲವು ದಿನ ಚಿಕ್ಕ ಚಿಕ್ಕ ಉರಿಗಳಿಂದ ಭಟ್ಟಿಯನ್ನು ಒಣಗಿಸಿದ ಮೇಲೆಯೇ ಕೆಲಸಕ್ಕೆ ಹೂಡುತ್ತಾರೆ.

ಗೋಡೆ ಎಷ್ಟು ದಪ್ಪವಿರಬೇಕು? ಇಡೀ ವಿಷಯದ ತಿರುಳು ಇಲ್ಲಿದೆ. ಶಾಖವು ಇಟ್ಟಿಗೆಯೊಳಕ್ಕೆ ಇಳಿಯುವ ದೂರ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಮೊದಲ ಗಂಟೆಯಲ್ಲಿ ಅದು 4 ಸೆಂಟಿಮೀಟರಿನಷ್ಟು ಇಳಿದರೆ, 8 ಸೆಂಟಿಮೀಟರ್ ಇಳಿಯಲು ನಾಲ್ಕು ಗಂಟೆ ಬೇಕು. 12 ಸೆಂಟಿಮೀಟರಿಗೆ ಒಂಬತ್ತು ಗಂಟೆ. ಎರಡು ಗಂಟೆ ಉರಿಸಿ ಒಂದು ಸಲ ಬೇಯಿಸುವವನಿಗೆ ಒಂದು ಗೇಣು ದಪ್ಪದ ಗೋಡೆ ನಿಷ್ಪ್ರಯೋಜಕ. ಅದರ ಹೊರಭಾಗಕ್ಕೆ ಶಾಖ ತಲುಪುವುದೇ ಇಲ್ಲ. ತಲುಪುವ ಹೊತ್ತಿಗೆ ಬ್ರೆಡ್ಡು ಮಾರಾಟವಾಗಿ ಹೋಗಿರುತ್ತದೆ. ದಿನವಿಡೀ ಒಂದರ ಮೇಲೊಂದು ಸಲ ಬೇಯಿಸುವ ಬೇಕರಿಗೆ ಮಾತ್ರ ದಪ್ಪ ಗೋಡೆ ಸಾರ್ಥಕ.

ಉಷ್ಣಮಾಪಕವಿಲ್ಲದ ಕಾಲದಲ್ಲಿ ಭಟ್ಟಿ ಹದವಾಯಿತೆಂದು ತಿಳಿಯುತ್ತಿದ್ದುದು ಹೇಗೆ? ಉರಿ ಹೊತ್ತಿದೊಡನೆ ಗುಮ್ಮಟ ಮಸಿ ಹಿಡಿದು ಕಪ್ಪಾಗುತ್ತದೆ. ಇಟ್ಟಿಗೆಯ ಮೈ ಸುಮಾರು 350 ಡಿಗ್ರಿಯನ್ನು ಮೀರಿ ಕಾದಾಗ ಆ ಮಸಿಯೇ ಸುಟ್ಟುಹೋಗಿ ಗುಮ್ಮಟ ಮತ್ತೆ ಬೆಳ್ಳಗಾಗುತ್ತದೆ. ಇಟ್ಟಿಗೆ ಸಾಕಷ್ಟು ಕುಡಿಯಿತೆಂದು ಅದರಿಂದ ಗೊತ್ತಾಗುತ್ತದೆ. ಕೆಂಡ ತೆಗೆದ ಮೇಲೆ ನೆಲದ ಮೇಲೆ ಒಂದು ಚಿಟಿಕೆ ಹಿಟ್ಟನ್ನೆರಚಿ ನೋಡುತ್ತಾರೆ. ಅದು ತಕ್ಷಣ ಕರಿಕಾದರೆ ಇನ್ನೂ ಕಾಯಬೇಕು. ಮೆಲ್ಲಗೆ ಕಂದಾದರೆ ಹದ ಬಂತು. ಇಂಥ ಪರೀಕ್ಷೆಗಳನ್ನು ಅಶಾಸ್ತ್ರೀಯವೆಂದು ಹಳಿಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ತನಗೆ ಬೇಕಾದ ಉಷ್ಣತೆಯನ್ನು ತನಗೆ ಬೇಕಾದ ವಸ್ತುವಿನಿಂದಲೇ ಅಳೆಯುವುದಕ್ಕಿಂತ ಶಾಸ್ತ್ರೀಯವಾದುದು ಯಾವುದು?

ಸೌದೆಯ ಲೆಕ್ಕ

ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು 15,000 ಕಿಲೋಜೂಲ್ ಶಾಖವಿದೆ. ಹಿಟ್ಟಿಗೆ ಬೇಕಾದುದು ಕಿಲೋಗೆ 450. ಹಾಗಾದರೆ ಒಂದು ಕಿಲೋ ಸೌದೆಯಿಂದ 33 ಕಿಲೋ ಹಿಟ್ಟು ಬೇಯಬೇಕಲ್ಲವೆ? ಹಾಗೆ ಎಲ್ಲಿಯೂ ನಡೆಯುವುದಿಲ್ಲ. ತಣ್ಣಗಿರುವ 2 ಟನ್ನು ಇಟ್ಟಿಗೆಯನ್ನು 30ರಿಂದ 280 ಡಿಗ್ರಿಗೆ ಏರಿಸಲು 4,20,000 ಕಿಲೋಜೂಲ್ ಬೇಕು. ಅದು 28 ಕಿಲೋ ಸೌದೆಯ ಪೂರ್ಣ ಶಾಖ. ಉರಿಯ ಶಾಖದಲ್ಲಿ ಅರ್ಧ ಬಾಯಿಯಿಂದ ಹೊರಗೆ ಹೋಗುತ್ತದೆಂದು ಹಿಡಿದರೆ 56 ಕಿಲೋ ಸೌದೆ ಸುಡಬೇಕು. ನೂರು ಕಿಲೋ ಬ್ರೆಡ್ಡು ಬೇಯಿಸಿ ಭಟ್ಟಿಯನ್ನು ಆರಲು ಬಿಟ್ಟರೆ, ಕಣಜದಲ್ಲಿ ಉಳಿದುದೆಲ್ಲ ರಾತ್ರಿಯ ಗಾಳಿಯ ಪಾಲು. ಮರುದಿನ ಮುಂಜಾನೆ ಭಟ್ಟಿ 150 ಡಿಗ್ರಿಯಲ್ಲಿಯೇ ಇದ್ದರೆ, ಹೊಸದಾಗಿ ತುಂಬಬೇಕಾದುದು ಅರ್ಧ ಮಾತ್ರ. ಭಟ್ಟಿಯನ್ನು ಎಂದೂ ತಣ್ಣಗಾಗಗೊಡಬಾರದೆಂಬ ಬೇಕರಿಯವರ ಹಟಕ್ಕೆ ಇದೇ ಆಧಾರ. ಹೊಗೆಯ ವಿಷಯದಲ್ಲಿಯೂ ಹೀಗೆಯೇ: ತಣ್ಣನೆಯ ಗೋಡೆಗೆ ತಾಗಿದ ಜ್ವಾಲೆ ಪೂರ್ತಿ ಉರಿಯದೆ ಆರುವುದರಿಂದ, ದಟ್ಟ ಹೊಗೆ ಹೊರಡುವುದು ಭಟ್ಟಿ ಹೊತ್ತಿಸಿದ ಮೊದಲ ಹೊತ್ತಿನಲ್ಲಿ.

ಬೇಕರಿಗೆ ಗುಣವಾದುದು ಮನೆಯ ಒಲೆಗೆ ದೋಷವಾಗುವುದನ್ನು ಇಲ್ಲಿಯೇ ಹೇಳಿಬಿಡಬೇಕು. ಒಂದು ಗಂಟೆ ಉರಿಯುವ ಅಡುಗೆಯ ಒಲೆಯಲ್ಲಿ 60 ಕಿಲೋ ಮಣ್ಣು 150 ಡಿಗ್ರಿಯಷ್ಟು ಕಾದರೆ, ಅರ್ಧ ಕಿಲೋ ಸೌದೆಯ ಶಾಖ ಮಣ್ಣಿನಲ್ಲಿ ಕುಳಿತಿತು. ಅಡುಗೆ ಮುಗಿದ ಮೇಲೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮುಂದೆ ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿ, ಉರಿಗೆ ಕಬ್ಬಿಣದ ಜಾಲರಿಯಿಟ್ಟು, ಗಾಳಿಯನ್ನು ಅಳತೆಯಲ್ಲಿ ಬಿಟ್ಟು, ಬಿಸಿ ಅನಿಲವನ್ನು ಮೂರು ಪಾತ್ರೆಗಳ ಅಡಿಯಲ್ಲಿ ಹಾಯಿಸಿ, ಹೊಗೆಯನ್ನು ಕೊಳವೆಯಿಂದ ಹೊರಕ್ಕೆ ಕಳುಹಿದರು. ಮಣ್ಣು ಕುಡಿಯುವ ಮುನ್ನ ಪಾತ್ರೆ ಕುಡಿಯಲಿ ಎಂಬ ಉಪಾಯ ಅದು. ಇದು ಸಣ್ಣ ವಿಷಯವಲ್ಲ. ಮನೆಯೊಳಗಿನ ಅಡುಗೆಯ ಹೊಗೆಯೇ ಮೊದಲಾದ ಗೃಹಮಾಲಿನ್ಯದಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ತಗಡಿನ ಓವನ್

ಮನೆಗಳಲ್ಲಿ ಈಗ ಕಾಣುವ ವಿದ್ಯುತ್ ಓವನ್ ಈ ಕಣಜವನ್ನೇ ತೊರೆದ ಯಂತ್ರ. ಅದರ ಒಳಪೆಟ್ಟಿಗೆ ಒತ್ತಿ ಮಾಡಿದ ತೆಳು ಉಕ್ಕಿನ ತಗಡು. ತಗಡಿಗೆ ಗಾಜಿನ ಪುಡಿಯನ್ನು ಬಳಿದು 800 ಡಿಗ್ರಿಯ ಸುಮಾರಿನಲ್ಲಿ ಸುಟ್ಟಾಗ ಅದು ಕರಗಿ ಎನಾಮಲ್ ಆಗಿ ಅಂಟುತ್ತದೆ. ಗಾಜೂ ಉಕ್ಕೂ ಹಿಗ್ಗುವ ಪ್ರಮಾಣ ಹೊಂದುವಂತೆ ಗಾಜಿನ ಪಾಕವನ್ನು ಆರಿಸದಿದ್ದರೆ ಎನಾಮಲ್ ಚಕ್ಕೆಯೇಳುತ್ತದೆ. ಪೆಟ್ಟಿಗೆಯ ಸುತ್ತ ಖನಿಜ ಉಣ್ಣೆಯ ಹೊದಿಕೆ. ಇದರ ಎಳೆಗಳ ನಡುವೆ ಸಿಕ್ಕಿದ ಗಾಳಿ ಅಲುಗಾಡಲಾರದಾಗಿ, ಇದರ ಉಷ್ಣವಾಹಕತೆ ಇಟ್ಟಿಗೆಯ ಹದಿನಾಲ್ಕನೆಯ ಒಂದು ಭಾಗದಷ್ಟು ಮಾತ್ರ.

ಶಾಖ ಕೊಡುವುದು ನೈಕ್ರೋಮ್ ತಂತಿ. ಅಮೆರಿಕದ ಆಲ್ಬರ್ಟ್ ಮಾರ್ಷ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಡುಹಿಡಿದ ಈ ನಿಕ್ಕಲ್-ಕ್ರೋಮಿಯಂ ಮಿಶ್ರಲೋಹ ಕೆಂಪಗೆ ಕಾದರೂ ಬೇಗ ಸುಟ್ಟುಹೋಗದು. ಅದರ ಮೈಮೇಲೆ ಕಟ್ಟುವ ಕ್ರೋಮಿಯಂ ಆಕ್ಸೈಡಿನ ಪೊರೆ ಒಳಗಿನ ಲೋಹವನ್ನು ಕಾಪಾಡುತ್ತದೆ. ತಂತಿಯ ಸುರುಳಿಯನ್ನು ಉಕ್ಕಿನ ಕೊಳವೆಯ ನಡುವೆ ನಿಲ್ಲಿಸಿ, ಸುತ್ತ ಮೆಗ್ನೀಸಿಯಂ ಆಕ್ಸೈಡಿನ ಪುಡಿ ತುಂಬಿ, ಕೊಳವೆಯನ್ನು ಅದುಮಿ ಕಿರಿದು ಮಾಡುತ್ತಾರೆ. ಈ ಪುಡಿ ವಿದ್ಯುತ್ತನ್ನು ತಡೆಯುತ್ತದೆ, ಶಾಖವನ್ನು ಬಿಡುತ್ತದೆ. ಅಂಥ ಗುಣದ ವಸ್ತುಗಳು ವಿರಳ. 230 ವೋಲ್ಟಿನಲ್ಲಿ 2,000 ವಾಟ್ ಪಡೆಯಲು ತಂತಿಯ ರೋಧ ಸುಮಾರು 26 ಓಮ್ ಇರಬೇಕೆಂದು ನೀವೇ ಲೆಕ್ಕ ಹಾಕಿಕೊಳ್ಳಬಹುದು. ಹೀಗೆ ಕಾದ ಓವನ್ ಕೆಲವೇ ನಿಮಿಷಗಳಲ್ಲಿ ಸಿದ್ಧವಾಗುತ್ತದೆ. ಆದರೆ ಬಾಗಿಲು ತೆರೆದು ತಣ್ಣನೆಯ ಹಿಟ್ಟನ್ನು ಇಟ್ಟೊಡನೆ ಉಷ್ಣತೆ ಕುಸಿಯುತ್ತದೆ. ಗೋಡೆಯಲ್ಲಿ ಕೂಡಿಟ್ಟ ಧನವಿಲ್ಲದವನ ಸ್ಥಿತಿ ಅದರದು.

ಎರಡು ಗುಣಗಳನ್ನೂ ಕೂಡಿಸಲಾಗದೆ? ಸ್ವೀಡನ್ನಿನ ಗುಸ್ಟಾಫ್ ಡಾಲೆನ್ ಕೂಡಿಸಿದನು. ದೀಪಸ್ತಂಭಗಳ ಸ್ವಯಂಚಾಲಿತ ಅನಿಲದೀಪಗಳಿಗಾಗಿ 1912ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಪಡೆದವನು ಈತ. ಅದೇ ವರ್ಷ ಪ್ರಯೋಗವೊಂದರ ಸ್ಫೋಟದಲ್ಲಿ ಎರಡು ಕಣ್ಣುಗಳನ್ನೂ ಕಳೆದುಕೊಂಡನು. ಕುರುಡನಾದ ಮೇಲೆ, 1922ರಲ್ಲಿ ಅವನು ರೂಪಿಸಿದುದು ‘ಆಗಾ’ ಎಂಬ ಅಡುಗೆಯ ಒಲೆ. ಒಳಗೆ ಎರಕದ ಕಬ್ಬಿಣದ ಭಾರವಾದ ದಿಮ್ಮಿ. ಅದಕ್ಕೆ ಹಗಲಿರುಳೂ ಶಾಖ ಊಡುವ ಚಿಕ್ಕ ಕೋಕ್ ಉರಿ. ಸುತ್ತಲೂ ಶಾಖ ಸೋರದಂತೆ ಡಯಾಟಮ್ ಮಣ್ಣಿನ ದಪ್ಪ ಹೊದಿಕೆ. ಕೂಡಿಡುವ ವಸ್ತು ಒಳಗೆ, ತಡೆಯುವ ವಸ್ತು ಹೊರಗೆ. ಒಂದೇ ಇಟ್ಟಿಗೆಯಿಂದ ಎರಡು ಕೆಲಸಗಳನ್ನೂ ಮಾಡಿಸಲು ಹೋದುದೇ ಹಳೆಯ ಭಟ್ಟಿಯ ಕೊರತೆ.

ಸೌದೆ ಹೋದ ಮೇಲೆ

ಈಗ ಮುಂಬಯಿಯ ಪ್ರಶ್ನೆಗೆ ಉತ್ತರ ಹೇಳಬಹುದು. ಉರಿಯೂ ಆಹಾರವೂ ಏಕಕಾಲದಲ್ಲಿ ಒಂದೇ ಗೂಡಿನಲ್ಲಿರುವ ತಂದೂರಿನಂಥ ಒಲೆಗಳಲ್ಲಿ ಹೊಗೆ ಆಹಾರವನ್ನು ತಾಗುತ್ತದೆ; ಅಲ್ಲಿ ಇಂಧನ ಬದಲಾದರೆ ವಾಸನೆ ಬದಲಾದೀತು. ಕೆಂಡ ತೆಗೆದ ಮೇಲೆ ಬೇಯಿಸುವ ಭಟ್ಟಿಯಲ್ಲಿ ಬ್ರೆಡ್ಡಿಗೆ ಸೌದೆಯ ಪರಿಚಯವೇ ಇರುವುದಿಲ್ಲ. ಅದಕ್ಕೆ ಗೊತ್ತಿರುವುದು 250 ಡಿಗ್ರಿಯ ಗುಮ್ಮಟ, ನಿಧಾನವಾಗಿ ಶಾಖ ಕೊಡುವ ನೆಲ, ಮುಚ್ಚಿದ ಬಾಗಿಲಿನ ಹಿಂದಿನ ಹಬೆ. ಇವು ಮೂರೂ ಇರುವವರೆಗೆ, ಗುಮ್ಮಟವನ್ನು ಕಾಯಿಸಿದುದು ಅನಿಲದ ಜ್ವಾಲೆಯೋ ಹುಣಸೆಯ ಕೊರಡೋ ಎಂಬುದು ಹಿಟ್ಟಿನ ಅರಿವಿಗೆ ಬರಲಾರದು. ಆದುದರಿಂದ ಇಂಧನದ ಜೊತೆಗೆ ಭಟ್ಟಿಯನ್ನೂ ಕೆಡವಿ ತಗಡಿನ ಪೆಟ್ಟಿಗೆ ತರುವುದಕ್ಕಿಂತ, ಗೋಡೆಯನ್ನುಳಿಸಿ ಉರಿಯನ್ನು ಬದಲಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ವಿದ್ಯುತ್ತಿನಿಂದ ಕಾಯಿಸಿದರೆ ಹೊಗೆಯ ನಷ್ಟವಿಲ್ಲ. ಆದರೆ ಮೇಲೆ ಹೇಳಿದ 4,20,000 ಕಿಲೋಜೂಲ್ ಎಂದರೆ 117 ಯೂನಿಟ್ ವಿದ್ಯುತ್ತು ಎಂಬುದನ್ನು ಮರೆಯಬಾರದು. ಸೌದೆ ಅಗ್ಗವಾಗಿದ್ದಾಗ ಸಹಿಸಿಕೊಂಡ ಸೋರಿಕೆಯನ್ನು ಇನ್ನು ಸಹಿಸಲಾಗದು. ಗುಮ್ಮಟದ ಹೊರಗೆ ಖನಿಜ ಉಣ್ಣೆಯದೋ, ಹಗುರವಾದ ರಂಧ್ರಮಯ ಇಟ್ಟಿಗೆಯದೋ ಹೊದಿಕೆ ಬೇಕು. ಬಾಗಿಲು ಬಿಗಿಯಾಗಿ ಕೂರಬೇಕು. ಅನಿಲದ ಜ್ವಾಲೆ ನೇರವಾಗಿ ನೆಲಕ್ಕೆ ಬಡಿಯದೆ ಗುಮ್ಮಟದ ಬುಡವನ್ನು ಸವರಿ ಮೇಲೇರುವಂತೆ ಅದನ್ನು ತಿರುಗಿಸಿಡಬೇಕು. ಗೋಡೆಯಲ್ಲಿ ಎರಡು ಉಷ್ಣಯುಗ್ಮಗಳನ್ನು, ಒಂದನ್ನು ಒಳಮೈಗೆ ಹತ್ತಿರವಾಗಿಯೂ ಇನ್ನೊಂದನ್ನು 8 ಸೆಂಟಿಮೀಟರ್ ಆಳದಲ್ಲಿಯೂ ಹುಗಿದಿಟ್ಟರೆ, ಎರಡರ ಉಷ್ಣತೆಗಳೂ ಸಮೀಪಕ್ಕೆ ಬಂದಾಗ ಇಟ್ಟಿಗೆ ತುಂಬಿತೆಂದು ತಿಳಿಯುತ್ತದೆ. ಆಗ ಉರಿಯನ್ನು ನಿಲ್ಲಿಸಿ, ಒಂದು ಚಿಟಿಕೆ ಹಿಟ್ಟನ್ನೆರಚಿ ನೋಡಿ, ಹಲಗೆಯನ್ನು ಕೈಗೆತ್ತಿಕೊಳ್ಳಬಹುದು.